ಮೀಟರ್‌ನಲ್ಲಿ 0.35 ಬಂದರೆ ಕಮ್ಮಿಯಾ, ಜಾಸ್ತಿಯಾ?

ಪ್ರಶ್ನೆ: ನಮ್ಮ ತೋಟದ 5 ಎಚ್‌ಪಿ ತ್ರೀ ಫೇಸ್ ಬೋರ್‌ವೆಲ್ ಮೋಟಾರ್ ಪದೇ ಪದೇ ಟ್ರಿಪ್ ಆಗುತ್ತಿದೆ. ಮೆಕ್ಯಾನಿಕ್ ಬಂದು ಸ್ಟಾರ್ಟರ್‌ನಲ್ಲಿ ಕೇಬಲ್ ಬಿಚ್ಚಿ ನೋಡಿದರು. ವೈರ್‌ನಿಂದ ವೈರ್‌ಗೆ 4.2 ಬಂತು, ‘ಇದು ಸರಿ ಇದೆ’ ಅಂದರು. ವೈರ್‌ನಿಂದ ಅರ್ಥ್‌ಗೆ ಮೆಗ್ಗರ್ (ಕರೆಂಟ್ ಸೋರಿಕೆ ಪರೀಕ್ಷಿಸುವ ಮೀಟರ್) ಹಿಡಿದಾಗ 0.35 ಬಂತು, ‘ಕಮ್ಮಿ ಆಯ್ತು, ಮೋಟಾರ್ ಎತ್ತಬೇಕು’ ಅಂದರು. ನನ್ನ ಮಗ, ‘ಅದು ಮೆಗಾಓಮ್ ಅಪ್ಪ, 4.2 ಓಮ್‌ಗಿಂತ ಎಷ್ಟೋ ಜಾಸ್ತಿ’ ಅನ್ನುತ್ತಾನೆ. ಯಾರ ಮಾತು ಕೇಳಲಿ?
(ಓದುಗರು, ತಿಪಟೂರು)

ಉತ್ತರ: ಲೆಕ್ಕದಲ್ಲಿ ನಿಮ್ಮ ಮಗ ಸರಿ. ಕೆಲಸದಲ್ಲಿ ಮೆಕ್ಯಾನಿಕ್ ಮುಕ್ಕಾಲು ಪಾಲು ಸರಿ.

ಮೊದಲು ಲೆಕ್ಕ. ಕರೆಂಟ್‌ಗೆ ಎದುರಾಗುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. 1 ಕಿಲೋಓಮ್ ಅಂದರೆ ಸಾವಿರ ಓಮ್. 1 ಮೆಗಾಓಮ್ ಅಂದರೆ ಹತ್ತು ಲಕ್ಷ ಓಮ್. ಹಾಗಾಗಿ 0.35 ಮೆಗಾಓಮ್ ಅಂದರೆ ಮೂರೂವರೆ ಲಕ್ಷ ಓಮ್, ಅಥವಾ 350 ಕಿಲೋಓಮ್. ಮೀಟರ್ ಓದುವಾಗ ಕುದುರೆಲಾಳದಂಥ ಓಮ್ ಗುರುತಿನ ಎಡಕ್ಕೆ ಏನಿದೆ ಅಂತ ನೋಡಿ. ದೊಡ್ಡ ಎಂ ಇದ್ದರೆ ಮೆಗಾ, ಸಣ್ಣ ಎಂ ಇದ್ದರೆ ಮಿಲಿ, ಅಂದರೆ ಓಮ್‌ನ ಸಾವಿರದಲ್ಲೊಂದು ಪಾಲು. ಒಂದೇ ಅಕ್ಷರ, ಆದರೆ ನಡುವಿನ ಅಂತರ ನೂರು ಕೋಟಿ ಪಟ್ಟು!

ಹಾಗಾದರೆ ಮೂರೂವರೆ ಲಕ್ಷ ಕಮ್ಮಿ ಹೇಗೆ? ವೈರ್‌ನಿಂದ ವೈರ್‌ಗೆ ಅಳೆದಿದ್ದು ಕರೆಂಟ್ ಹರಿಯಬೇಕಾದ ತಾಮ್ರದ ದಾರಿ. ಅಲ್ಲಿ ಕೆಲವೇ ಓಮ್ ಇರಬೇಕು. ಮೂರು ಜೋಡಿಯಲ್ಲೂ ಹೆಚ್ಚುಕಮ್ಮಿ ಒಂದೇ ಬಂದಿದ್ದರೆ ಚಿಂತೆಯಿಲ್ಲ. ವೈರ್‌ನಿಂದ ಅರ್ಥ್‌ಗೆ ಅಳೆದಿದ್ದು ಕರೆಂಟ್ ಹರಿಯಲೇಬಾರದ ದಾರಿ. ಅಲ್ಲಿ ಕನಿಷ್ಠ 1 ಮೆಗಾಓಮ್ ಆದರೂ ಬೇಕು ಅನ್ನುವುದು ಈ ಕೆಲಸದವರ ರೂಢಿ. ಹೊಸ ಮೋಟಾರ್‌ನಲ್ಲಿ ಇದು ಹತ್ತಾರು, ನೂರಾರು ಮೆಗಾಓಮ್ ಬರುತ್ತದೆ. ನಿಮ್ಮದು 0.35, ಅಂದರೆ ಎಲ್ಲೋ ತೇವ ಸೇರಿದೆ ಅಥವಾ ಇನ್ಸುಲೇಷನ್ (ಕರೆಂಟ್ ಹೊರಗೆ ಸೋರದಂತೆ ತಡೆಯುವ ಹೊದಿಕೆ) ಸವೆದಿದೆ.

‘ನಾನೇ ಮಲ್ಟಿಮೀಟರ್ ಹಿಡಿದು ನೋಡ್ತೀನಿ’ ಅಂತ ಮಗ ಹೊರಟರೆ ಬೇಡ ಅನ್ನಿ. ಅದರ ಬ್ಯಾಟರಿ ಕೆಲವೇ ವೋಲ್ಟ್ ಕೊಡುತ್ತದೆ. ಕೆಟ್ಟ ಇನ್ಸುಲೇಷನ್ ಕೂಡ ಅದಕ್ಕೆ ಚೆನ್ನಾಗಿಯೇ ಕಾಣಬಹುದು. ಮೆಗ್ಗರ್ 500 ವೋಲ್ಟ್ ಹಾಕಿ ಒತ್ತಿ ನೋಡುತ್ತದೆ.

ಇನ್ನು ಆ ಉಳಿದ ಕಾಲು ಪಾಲು. ಸ್ಟಾರ್ಟರ್‌ನಿಂದ ಅಳೆದರೆ ನೆಲದೊಳಗಿನ ಕೇಬಲ್, ಬೋರ್‌ಗೆ ಇಳಿದ ಕೇಬಲ್, ಜಾಯಿಂಟ್, ಮೋಟಾರ್ ಎಲ್ಲವೂ ಒಟ್ಟಿಗೇ ಅಳತೆಗೆ ಸಿಗುತ್ತವೆ. ತಪ್ಪು ಮೋಟಾರ್‌ನದೇ ಅಂತ ಹೇಗೆ ಹೇಳುವುದು? ಫ್ಯೂಸ್ ತೆಗೆದು, ಬೋರ್ ಬಾಯಿಯ ಹತ್ತಿರ ಕೇಬಲ್ ಜಾಯಿಂಟ್ ಬಿಚ್ಚಿಸಿ, ಎರಡೂ ಕಡೆ ಬೇರೆ ಬೇರೆಯಾಗಿ ಮೆಗ್ಗರ್ ಹಿಡಿಸಿ. ಸ್ಟಾರ್ಟರ್ ಕಡೆಯ ಕೇಬಲ್‌ನಲ್ಲೇ ಕಮ್ಮಿ ಬಂದರೆ ಹೆಗ್ಗಣವೋ ಗುದ್ದಲಿಯೋ ಕೆಲಸ ಮಾಡಿದೆ, ಆ ಕೇಬಲ್ ಬದಲಿಸಿದರೆ ಮುಗಿಯಿತು. ಬೋರ್ ಕಡೆ ಕಮ್ಮಿ ಬಂದರೆ ಮಾತ್ರ ಮೋಟಾರ್ ಎತ್ತಿಸಿ. ಎತ್ತಿದ ಮೇಲೂ ಮೊದಲು ನೀರೊಳಗಿದ್ದ ಕೇಬಲ್ ಜಾಯಿಂಟ್ ನೋಡಿ, ಆಮೇಲೆ ರೀವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ ಹೊಸದಾಗಿ ಸುತ್ತಿಸುವ) ಮಾತು.