ಮಗಳು ಬರುವ ಮೊದಲೇ ಗೊಂಬೆ ಕೂತಿದ್ದವು

ನವರಾತ್ರಿಯ ನಾಲ್ಕನೇ ದಿನ ಬೆಳಿಗ್ಗೆ ಮೈಸೂರಿನ ತಾಯಿಯೊಬ್ಬರು ಸಲಹೆ ಕೇಳಿ ನನ್ನ ಬಳಿ ಬಂದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರಿಗೆ 62 ವರ್ಷ. ಒಬ್ಬಳೇ ಮಗಳು, ವಯಸ್ಸು 33, ಕ್ಯಾಲಿಫೋರ್ನಿಯಾದಲ್ಲಿ ಕೆಲಸ. ಮೂರು ವರ್ಷದ ಮೇಲೆ ದಸರಾಕ್ಕೆ ಅಂತ ಎರಡು ವಾರ ರಜೆ ಹಾಕಿ ಬಂದಿದ್ದಳು. ಎರಡೇ ದಿನಕ್ಕೆ ತಾಯಿ ಮಗಳ ನಡುವೆ ಮಾತು ನಿಂತಿತ್ತು.

"ಇಷ್ಟೆಲ್ಲ ಮಾಡಿದ್ದೀನಿ ಮೇಡಂ. ಸಂಜೆ ಜನ ಬಂದ್ರೆ ಇವಳು ರೂಮಿಂದ ಆಚೆಗೇ ಬರಲ್ಲ, ಮಲಗಿಬಿಡ್ತಾಳೆ. ಕೇಳಿದ್ದಕ್ಕೆ, 'ನಾನು ಬಂದಿದ್ದು ನಿಮ್ಮಿಬ್ಬರ ಜೊತೆ ಇರೋಕೆ ಅಮ್ಮ, ಎಲ್ಲರ ಮುಂದೆ ಗೊಂಬೆ ಥರ ಕೂರೋಕಲ್ಲ' ಅಂದುಬಿಟ್ಟಳು." ಹೇಳುತ್ತಲೇ ಅತ್ತರು.

ಚೀಲದಿಂದ ಡೈರಿ ತೆಗೆದು ತೋರಿಸಿದರು. ದಿನಕ್ಕೆ ಎರಡು ಮೂರು ಕಾರ್ಯಕ್ರಮ. ಅತ್ತೆಯ ಮನೆ, ಸೋದರಮಾವನ ಮನೆ, ಫಲಪುಷ್ಪ ಪ್ರದರ್ಶನ, ಅರಮನೆ ದೀಪ, ಮಧ್ಯೆ ಒಂದು ಕಡೆ "ಹುಡುಗನ ತಾಯಿ ಬರ್ತಾರೆ" ಅಂತಲೂ ಇತ್ತು. ಗಟ್ಟಿಯಾಗಿ ಓದಿ ಅಂದೆ. ಅರ್ಧಕ್ಕೆ ನಿಲ್ಲಿಸಿ, "ಜಾಸ್ತಿ ಆಯ್ತು ಅಲ್ವಾ?" ಅಂದರು. ಪ್ರೀತಿ ಇಲ್ಲದೆ ಯಾರೂ ಇಂಥ ಪಟ್ಟಿ ಬರೆಯುವುದಿಲ್ಲ. ಅದನ್ನೂ ಅವರಿಗೆ ಹೇಳಿದೆ.

ನಿದ್ದೆಯ ವಿಷಯ ಮೊದಲು ಬಿಡಿಸಿದೆ. ದಸರಾ ಹೊತ್ತಿಗೆ ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ಗಂಟೆ ಅಂತರ. ಇಲ್ಲಿ ಸಂಜೆ ಆರು ಅಂದರೆ ಅಲ್ಲಿ ಬೆಳಗಿನ ಜಾವ ಐದೂವರೆ. ಮೈ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಜನ ಬರುವ ಹೊತ್ತಿಗೇ ಅವಳಿಗೆ ಕಣ್ಣು ಎಳೆಯುವುದು ಸಹಜ. ಅದು ಯಾರ ಮೇಲಿನ ತಾತ್ಸಾರವೂ ಅಲ್ಲ. "ರಾತ್ರಿ ಮೂರು ಗಂಟೆಗೆ ಅವಳು ಎದ್ದಿರ್ತಾಳಾ?" ಅಂತ ಕೇಳಿದೆ. "ಅಡುಗೆಮನೆ ಲೈಟ್ ಉರೀತಿರುತ್ತೆ" ಅಂದರು.

ಅವರ ಒಪ್ಪಿಗೆಯ ಮೇಲೆ ಮಗಳ ಜೊತೆ ಫೋನಿನಲ್ಲಿ ಮಾತಾಡಿದೆ. ಅವಳ ನೋವು ಬೇರೆಯೇ ಆಗಿತ್ತು. ಚಿಕ್ಕವಳಿದ್ದಾಗ ಅಟ್ಟದಿಂದ ಪೆಟ್ಟಿಗೆ ಇಳಿಸುವುದೇ ಅವಳ ಹಬ್ಬ. ಹಳೇ ಸೀರೆ ತುಂಡು, ಹಳೇ ಪೇಪರಿನಲ್ಲಿ ಸುತ್ತಿಟ್ಟ ಪೊಟ್ಟಣ ಮುಟ್ಟಿ ನೋಡಿ ಯಾವ ಗೊಂಬೆ ಅಂತ ಊಹಿಸುವುದು. ಚೆಟ್ಟಿಯಾರ್ ದಂಪತಿಯ ಗೊಂಬೆ ಸಿಕ್ಕಿದರೆ ಕೂಗಾಟ. ಈ ಸಲ ವಿಮಾನ ಇಳಿಯುವುದು ಹಬ್ಬದ ಎರಡನೇ ದಿನ. "ಪಟ್ಟದ ಗೊಂಬೆ ಕೂರಿಸು, ಕೆಳಗಿನ ಎರಡು ಮೆಟ್ಟಿಲು ನನಗೆ ಬಿಡು ಅಂತ ಹೇಳಿದ್ದೆ. ಬಂದು ನೋಡಿದರೆ ಏಳು ಮೆಟ್ಟಿಲೂ ತುಂಬಿತ್ತು."

ತಾಯಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ದೂರದಿಂದ ಬರ್ತಾಳೆ, ಸುಸ್ತಾಗಿರ್ತಾಳೆ, ಯಾಕೆ ಕೆಲಸ ಅಂತ ನಾನೇ ಮುಗಿಸಿದೆ."

ಇಂಥದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಕ್ಕಳಿಗೆ ಕಷ್ಟ ಬೇಡ ಅಂತ ಕೆಲಸವನ್ನೆಲ್ಲ ನಾವೇ ಮುಗಿಸಿ ಹಬ್ಬವನ್ನು ತಟ್ಟೆಯಲ್ಲಿಟ್ಟು ಕೊಡುತ್ತೇವೆ. ಅವರಿಗೆ ನೆನಪಿರುವುದು ಆ ಕೆಲಸವೇ. ಕೈಗೆ ಕೆಲಸ ಇಲ್ಲದ ಮಗಳು ತವರಿನಲ್ಲೇ ನೆಂಟಳಾಗಿಬಿಡುತ್ತಾಳೆ.

ನಾನು ಹೇಳಿದ್ದು ಹೀಗೆ. ಇವತ್ತೇ ಕೆಳಗಿನ ಎರಡು ಮೆಟ್ಟಿಲು ಖಾಲಿ ಮಾಡಿ, ಅವಳಿಗೆ ಬಿಡಿ. ಮೆಟ್ಟಿಲ ಮುಂದೆ ನೆಲದ ಮೇಲೆ ಗೊಂಬೆಗಳಿಗೆ ಒಂದು ಪುಟ್ಟ ಪಾರ್ಕ್ ಮಾಡಲಿ. ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದರೆ ವಿಜಯದಶಮಿ ಹೊತ್ತಿಗೆ ಹಸಿರು ಬಂದಿರುತ್ತದೆ. ಅವಳು ಹೇಗೆ ಜೋಡಿಸಿದರೂ ಸರಿಪಡಿಸಲು ಹೋಗಬೇಡಿ. ಇದು ತಾಯಂದಿರಿಗೆ ತುಂಬ ಕಷ್ಟ, ಗೊತ್ತು.

ನೆಂಟರನ್ನೆಲ್ಲ ಒಂದೇ ಸಂಜೆ ಕರೆಯಿರಿ, ಹಬ್ಬದ ಕೊನೆಯ ಕಡೆಗೆ, ಅವಳ ನಿದ್ದೆ ಸ್ವಲ್ಪ ಸರಿಹೋದ ಮೇಲೆ. ಅವತ್ತು ಯಾರಾದರೂ ಮದುವೆ ಮಾತು ಎತ್ತಿದರೆ ಉತ್ತರ ನೀವೇ ಕೊಡಿ: "ಅವಳ ವಿಷಯ ಅವಳೇ ಹೇಳ್ತಾಳೆ, ನೀವು ಉಸಲಿ ತಗೊಳ್ಳಿ." ಹುಡುಗನ ತಾಯಿಯನ್ನು ಮಗಳಿಗೆ ಹೇಳದೆ ಕರೆದದ್ದು ತಪ್ಪು. ಅದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಅವತ್ತೇ ಫೋನ್ ಮಾಡಿ ಬೇಡ ಅಂದರು.

ತಿರುಗಾಟಕ್ಕೆ ಮಗಳ ಆಸೆ ಒಂದೇ, ಅಪ್ಪನ ಜೊತೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುವುದು. ಅಪ್ಪನಿಗೆ ಮಂಡಿ ನೋವು. ಸಾವಿರದಷ್ಟು ಮೆಟ್ಟಿಲು ಎಲ್ಲಿ ಸಾಧ್ಯ? ಆದರೆ ಮೆಟ್ಟಿಲ ದಾರಿಯ ಮಧ್ಯೆ ಸಿಗುವ ದೊಡ್ಡ ನಂದಿ ವಿಗ್ರಹದ ತನಕ ರಸ್ತೆ ಇದೆ. ಅಪ್ಪ ಆಟೋದಲ್ಲಿ ಅಲ್ಲಿಗೆ ಹೋಗಿ ಕಾಯಲಿ, ಅವಳು ಕೆಳಗಿಂದ ಹತ್ತಿ ಬರಲಿ ಅಂದೆ. ಜಂಬೂಸವಾರಿಯ ನೂಕುನುಗ್ಗಲಿಗೆ ಹೋಗುವ ಹಟ ಬಿಡಿ, ಮೂವರೂ ಟಿವಿ ಮುಂದೆ ಕೂತು ನೋಡಿ ಅಂತಲೂ ಹೇಳಿದೆ.

ಮಗಳಿಗೂ ಒಂದು ಮಾತು ಹೇಳಿದೆ. ಸುಸ್ತಾದರೆ ಬಾಗಿಲು ಹಾಕಿಕೊಳ್ಳುವ ಮೊದಲು ಅಮ್ಮನಿಗೆ ಹೇಳು, ಎಷ್ಟು ಹೊತ್ತಿಗೆ ಏಳುತ್ತೀಯ ಅಂತಲೂ ಹೇಳು. ಮುಚ್ಚಿದ ಬಾಗಿಲ ಆಚೆ ನಿಂತವರಿಗೆ ಏನೇನೋ ಅನ್ನಿಸುತ್ತದೆ.

ಎರಡು ವಾರದ ಮೇಲೆ ತಾಯಿ ಫೋನ್ ಮಾಡಿದರು. ನನ್ನ ಬಳಿ ಬಂದುಹೋದ ದಿನವೇ ರಾತ್ರಿ ಮೂರಕ್ಕೆ ತಾವೂ ಎದ್ದು ಅಡುಗೆಮನೆಗೆ ಹೋದರಂತೆ. ಕಾಫಿ ಮಾಡಿಕೊಂಡು, ಕೋಡುಬಳೆ ಡಬ್ಬ ಮುಂದಿಟ್ಟುಕೊಂಡು ಬೆಳಕು ಹರಿಯುವ ತನಕ ಮಾತಾಡಿದರಂತೆ. ಅಲ್ಲಿ ಅವಳು ಒಬ್ಬಳೇ ಹೇಗಿದ್ದಾಳೆ ಅನ್ನುವುದು ಮೊದಲ ಸಲ ತಿಳಿಯಿತು ಅಂದರು. ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ್ದು ಅವಳೇ, ಮರುದಿನ ಪೆಟ್ಟಿಗೆಗೆ ತುಂಬಿದ್ದೂ ಅವಳೇ.

"ಯಾವ ಗೊಂಬೆ ಎಲ್ಲಿಟ್ಟಿದ್ದಾಳೋ ನನಗಂತೂ ಗೊತ್ತಿಲ್ಲ ಮೇಡಂ" ಅಂದರು. "ಮುಂದಿನ ಸಲ ಪೆಟ್ಟಿಗೆ ಬಿಚ್ಚುವಾಗ ಅವಳನ್ನೇ ಕೇಳಬೇಕು."