ರಜ್ಜುಕ ಮತ್ತು ಗೋಪ: ಒಂದೇ ಪಟ್ಟಿಯಲ್ಲಿ ಏಕೆ ಕೂರುತ್ತಿಲ್ಲ

ಮೌರ್ಯರ ಆಡಳಿತಾಧಿಕಾರಿಗಳ ಪಟ್ಟಿಯಲ್ಲಿ ರಜ್ಜುಕ ಮೇಲೋ ಗೋಪ ಮೇಲೋ ಎಂದು ಕೇಳಿದ್ದೀರಿ. ಎರಡು ಆಕರಗಳನ್ನು ಒಂದೇ ಏಣಿಗೆ ಕಟ್ಟಿರುವುದೇ ತೊಡಕು. ರಜ್ಜುಕ ಅಶೋಕನ ಶಾಸನಗಳಲ್ಲಿ ಬರುವವನು, ಗೋಪ ಕೌಟಿಲ್ಯನ ಹೆಸರಿನಲ್ಲಿರುವ ರಾಜನೀತಿ ಗ್ರಂಥ ಅರ್ಥಶಾಸ್ತ್ರದವನು. ಆ ಗ್ರಂಥ ಪೂರ್ತಿ ಮೌರ್ಯರ ಕಾಲದ್ದೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಮೊದಲು ಎರಡು ಕಾಲಂ ಎಳೆಯಿರಿ. ಶಾಸನದ ಕಾಲಂಗೆ ಯುಕ್ತ, ರಜ್ಜುಕ, ಪ್ರಾದೇಶಿಕ ಎಂಬ ಮೂರು ಬಗೆಯ ಅಧಿಕಾರಿಗಳು: 3ನೇ ಬಂಡೆ ಶಾಸನದ ಪ್ರಕಾರ ಇವರು 5 ವರ್ಷಕ್ಕೊಮ್ಮೆ ಸಂಚಾರ ಹೊರಡಬೇಕು. ರಜ್ಜುಕನನ್ನು ಬರೀ ಭೂಮಾಪಕ ಎಂದು ಬರೆದು ಬಿಡಬೇಡಿ. 4ನೇ ಸ್ತಂಭ ಶಾಸನದಲ್ಲಿ ಅವನು ಲಕ್ಷಾಂತರ ಜನರ ಮೇಲಿನ ಅಧಿಕಾರಿ, ವಿಚಾರಣೆ, ಶಿಕ್ಷೆ ಎರಡೂ ಅವನ ಕೈಯಲ್ಲಿ. ಜನರನ್ನು ಅವನಿಗೆ ಒಪ್ಪಿಸುವುದು ಮಗುವನ್ನು ನುರಿತ ದಾದಿಗೆ ಒಪ್ಪಿಸಿದ ಹಾಗೆ ಎನ್ನುತ್ತಾನೆ ಅಶೋಕ.

ಅರ್ಥಶಾಸ್ತ್ರದ ಕಾಲಂನಲ್ಲಿ ಕೆಳಗಿನಿಂದ ಹತ್ತಿ: ಗೋಪನಿಗೆ 5 ಅಥವಾ 10 ಹಳ್ಳಿ, ಅವನ ಮೇಲಿನ ಸ್ಥಾನಿಕನಿಗೆ ಜನಪದದ (ನಾಡಿನ) ಕಾಲು ಭಾಗ, ಮೇಲೆ ಕಂದಾಯದ ಮುಖ್ಯಾಧಿಕಾರಿ ಸಮಾಹರ್ತೃ. ಇಲ್ಲೇ ಹೆಚ್ಚಿನವರು ಎಡವುವುದು: ನಗರದಲ್ಲೂ ಗೋಪನಿದ್ದಾನೆ. ಅಲ್ಲಿ ಅವನ ಲೆಕ್ಕ ಹಳ್ಳಿಯದಲ್ಲ, 10, 20 ಅಥವಾ 40 ಕುಟುಂಬಗಳದ್ದು, ಎಲ್ಲರಿಗೂ ಮೇಲಿನವನು ‘ನಾಗರಿಕ’ ಎಂಬ ನಗರದ ಮುಖ್ಯಾಧಿಕಾರಿ.

ಪ್ರಾದೇಶಿಕನೇ ಅರ್ಥಶಾಸ್ತ್ರದ ಪ್ರದೇಷ್ಟೃ (ಅಪರಾಧ ವಿಚಾರಣೆಯ ಅಧಿಕಾರಿ) ಎಂಬುದು ಊಹೆ, ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಕರ್ನಾಟಕದ ಉದಾಹರಣೆಗೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಸಾಕು. ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಉನ್ನತ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿಯೇ ಆಜ್ಞೆ ತಿಳಿಸುತ್ತಾರೆ. ಇದನ್ನು ಶಾಸನದ ಕಾಲಂನಲ್ಲಿ ಎರಡು ಹಂತವಾಗಿ ತೋರಿಸಿ.