ಎಂ82ರ ಕೆಂಪು ಹೊಗೆ ಕಪ್ಪುಕುಳಿಯದ್ದಲ್ಲ

ಶಿರಸಿಯಿಂದ 8 ಇಂಚಿನ ದೂರದರ್ಶಕದಲ್ಲಿ ಎಂ82 ಎಂಬ ಗ್ಯಾಲಕ್ಸಿ ನೋಡಿದಿರಿ. ಚಿತ್ರಗಳ ಕೆಂಪು ಹೊಗೆ ಕಪ್ಪುಕುಳಿ ಉಗುಳಿದ್ದೇ, ನಿಮಗೇಕೆ ಕಾಣಲಿಲ್ಲ ಎಂದು ಕೇಳಿದ್ದೀರಿ.

ಅದು ಕಪ್ಪುಕುಳಿಯ ಕೆಲಸವಲ್ಲ. ಆ ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ದಂಡಿಯಾಗಿ ಹುಟ್ಟುತ್ತಿವೆ. ಭಾರೀ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ಸೂಪರ್ನೋವಾ ಆಗಿ ಸಿಡಿಯುತ್ತವೆ. ಆ ಕಾವಿಗೆ ಅನಿಲ ಸೆಕೆಂಡಿಗೆ ನೂರಾರು ಕಿ.ಮೀ. ವೇಗದಲ್ಲಿ ಗ್ಯಾಲಕ್ಸಿಯ ತಟ್ಟೆಯ ಮೇಲಕ್ಕೂ ಕೆಳಕ್ಕೂ ನುಗ್ಗುತ್ತದೆ. ಕಪ್ಪುಕುಳಿ ಸಕ್ರಿಯವಾಗಿರುವ ಗ್ಯಾಲಕ್ಸಿಗಳಲ್ಲಿ ಈ ವೇಗ ಸಾವಿರ ಕಿ.ಮೀ. ದಾಟುವುದುಂಟು. ಖಚಿತವಾಗಬೇಕಾದರೆ ವರ್ಣಪಟಲ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ನೋಡಬೇಕು: ಆಮ್ಲಜನಕದ 500.7 ನ್ಯಾನೋಮೀಟರ್ ರೇಖೆ ಹೈಡ್ರೋಜನ್ ಬೀಟಾ ರೇಖೆಗಿಂತ ಬಹಳ ಪ್ರಖರವಾಗಿದ್ದು, ಸಾರಜನಕದ ರೇಖೆಯೂ ಹೈಡ್ರೋಜನ್ ಆಲ್ಫಾ ರೇಖೆಗೆ ಸರಿಸಾಟಿಯಾಗಿದ್ದರೆ ಕಪ್ಪುಕುಳಿಯ ಮೇಲೆ ಅನುಮಾನ. ನಕ್ಷತ್ರಗಳ ಹುಟ್ಟು, ಸಕ್ರಿಯ ಕಪ್ಪುಕುಳಿ ಎರಡೂ ಒಟ್ಟಿಗಿರುವುದಕ್ಕೆ ಎಂ77 ಗ್ಯಾಲಕ್ಸಿ ಒಳ್ಳೆಯ ಉದಾಹರಣೆ. ಎರಡರ ಊಟವೂ ಒಂದೇ ಅನಿಲ. ಹೊರಕ್ಕೆ ನುಗ್ಗುವ ಹರಿವು ಅದನ್ನು ಖಾಲಿ ಮಾಡಿದರೆ ಎರಡಕ್ಕೂ ಉಪವಾಸ.

ಕಾಣದಿದ್ದುದು ನಿಮ್ಮ ತಪ್ಪಲ್ಲ. ಆ ಹೊಗೆ ಬೆಳಗುವುದು ಬಹುಪಾಲು ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರಿನ ಕೆಂಪಿನಲ್ಲಿ, ಕತ್ತಲಿಗೆ ಹೊಂದಿದ ಕಣ್ಣಿಗೆ ಆ ಕೆಂಪು ತಟ್ಟುವುದಿಲ್ಲ, ಮಾಮೂಲಿ ಡಿಎಸ್‌ಎಲ್‌ಆರ್ ಒಳಗಿನ ಫಿಲ್ಟರ್ ಕೂಡ ಅದನ್ನು ಬಹುಪಾಲು ತಡೆಯುತ್ತದೆ. ಹೈಡ್ರೋಜನ್ ಆಲ್ಫಾ ಫಿಲ್ಟರ್, ಮೋನೋ (ಕಪ್ಪು-ಬಿಳುಪು) ಕ್ಯಾಮೆರಾ, ಹಲವು ಗಂಟೆಗಳ ಎಕ್ಸ್‌ಪೋಜರ್ ಬೇಕು. ಶಿರಸಿಯಲ್ಲಿ ಎಂ82 ಉತ್ತರಕ್ಕೆ 35 ಡಿಗ್ರಿಗಿಂತ ಮೇಲೇರುವುದಿಲ್ಲ. ಏಪ್ರಿಲ್ ಮೊದಲ ವಾರ ರಾತ್ರಿ 9ರ ಸುಮಾರಿಗೆ ಅಷ್ಟಿರುತ್ತದೆ. ತೋಟದ ತಗ್ಗಿನಲ್ಲಿ ಅಡಿಕೆ ಮರಗಳೇ ಅಡ್ಡ, ಬೇಣದ (ಹುಲ್ಲುಗುಡ್ಡದ) ಮೇಲೆ ಹೋಗಿ.